ತೆರಿಗೆಯೂ ತಕ್ಕಡಿಯೂ



ಕಾಫಿ ಕೊಯ್ಲಿನ ಕಾಲ ಬಂದಿತೆಂದರೆ ಮಾರಂಡಹಳ್ಳಿ, ಪಂಚಪಳ್ಳಿ, ಪಾಲಕ್ಕೋಡು ಕಡೆಯ ನಮ್ಮ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಕೆಲವರು ಏರ್ಕಾಡು ಬೆಟ್ಟ ಹತ್ತುತ್ತಾರೆ. ಹೆಚ್ಚಿನವರು ಗಡಿ ದಾಟಿ ಕೊಡಗು, ಸಕಲೇಶಪುರ, ಚಿಕ್ಕಮಗಳೂರಿನ ತೋಟಗಳಿಗೆ ಹೋಗಿ ಲೈನ್ ಮನೆಗಳಲ್ಲಿ ಒಲೆ ಹೂಡುತ್ತಾರೆ. ಪಾಸ್ಕ ಹಬ್ಬದ ಹೊತ್ತಿಗೆ ಊರಿಗೆ ಮರಳುವಾಗ ಕೈಯಲ್ಲಿ ನಾಲ್ಕು ಕಾಸು ಇರುತ್ತದೆ. ಆ ಕಾಸಿನಲ್ಲಿ ಮಿಕ್ಸಿ, ಬೀರು, ಮಗಳ ಮದುವೆಯ ಸೀರೆ, ಅಕ್ಕಿ ಮೂಟೆ ಎಲ್ಲವನ್ನೂ ಆಚೆಯಲ್ಲಿಯೇ ಕೊಂಡು ತರುವುದು ನಮ್ಮವರ ರೂಢಿ. ಏಕೆಂದು ಕೇಳಿದರೆ, "ಅಲ್ಲಿ ಟ್ಯಾಕ್ಸ್ ಕಡಿಮೆ" ಎನ್ನುತ್ತಾರೆ. ಹೊಸೂರಿನಿಂದ ಅತ್ತಿಬೆಲೆಗೆ ಸಾಮಾನಿಗೆ ಹೋಗುವವರೂ ಹೀಗೆಯೇ ಹೇಳುತ್ತಾರೆ. ಅತ್ತಿಬೆಲೆಯಿಂದ ಹೊಸೂರಿಗೆ ಬರುವವರನ್ನು ಕೇಳಿ ನೋಡಿ, ಅವರು ಹೇಳುವುದೂ ಅದನ್ನೇ! ಇಬ್ಬರ ಮಾತೂ ಒಟ್ಟಿಗೆ ನಿಜವಾಗಿರಲಾರದು.

ಒಂದು ಕಾಲದಲ್ಲಿ ಈ ಮಾತಿಗೆ ಅರ್ಥವಿತ್ತು. ಈಗ ಬಹುಪಾಲು ಇಲ್ಲ. ದುಡಿದ ಹಣ ತೆರಿಗೆಯಲ್ಲಿ ಸೋರುತ್ತಿದೆಯೆಂದು ನಾವು ಗಡಿಯ ಕಡೆ ನೋಡುತ್ತಾ ನಿಂತಿದ್ದೇವೆ. ಅದು ಸೋರುತ್ತಿರುವುದು ನಮ್ಮ ಕಣ್ಣೆದುರೇ ತೂಗಾಡುವ ತಕ್ಕಡಿಯಲ್ಲಿ. ಈ ಸಲ ಕೊಯ್ಲಿಗೆ ಹೊರಡುವ ಮುಂಚೆ ಈ ವಿಷಯವನ್ನು ಸ್ವಲ್ಪ ವಿವರವಾಗಿ ಬಂಧುಗಳ ಮುಂದಿಡಲು ಬಯಸುತ್ತೇವೆ.

ಮಾರಾಟ ತೆರಿಗೆಯ ಹುಟ್ಟು ನಮ್ಮ ಸೀಮೆಯವರಿಗೆ ತೀರ ಹತ್ತಿರದ್ದು. ಅದನ್ನು ತಂದ ರಾಜಾಜಿಯವರು ಹುಟ್ಟಿದ್ದು 1878ರಲ್ಲಿ, ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ. ಆಗ ಅದೆಲ್ಲ ಸೇಲಂ ಜಿಲ್ಲೆ. ಅವರು ಮದರಾಸಿನ ಪ್ರಧಾನಿಯಾಗಿದ್ದಾಗ 1937ರ ಅಕ್ಟೋಬರ್ 1ರಂದು ಪಾನನಿಷೇಧವನ್ನು ಮೊಟ್ಟಮೊದಲು ಜಾರಿಗೆ ತಂದದ್ದು ಸೇಲಂ ಜಿಲ್ಲೆಯಲ್ಲಿಯೇ. ಹೆಂಡದಿಂದ ಬರುತ್ತಿದ್ದ ವರಮಾನ ನಿಂತುಹೋದಾಗ ಆ ನಷ್ಟವನ್ನು ತುಂಬಬೇಕಾಯಿತು. 1939ರಲ್ಲಿ ಮದರಾಸು ಸಾಮಾನ್ಯ ಮಾರಾಟ ತೆರಿಗೆ ಕಾಯಿದೆ ಬಂತು. ಸರಕುಗಳ ಮೇಲೆ ಸಾಮಾನ್ಯವಾಗಿ ಹಾಕಿದ ಮಾರಾಟ ತೆರಿಗೆ ಭಾರತದಲ್ಲಿ ಅದೇ ಮೊದಲು. ಹೆಂಡ ನಿಲ್ಲಿಸಿ ಅದರ ಬದಲಿಗೆ ತಂದ ತೆರಿಗೆ ಇದು. ಈಗ ಹೆಂಡವೂ ಇದೆ, ತೆರಿಗೆಯೂ ಇದೆ. ಇದನ್ನು ನಮ್ಮ ಮನೆಯ ತಾಯಂದಿರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮುಂದೆ ಗಡಿಯ ಆಚೆಗೆ 1957ರ ಕಾಯಿದೆ, ಈಚೆಗೆ 1959ರ ಕಾಯಿದೆ ಎಂದು ಎರಡು ರಾಜ್ಯಗಳಿಗೆ ಎರಡು ಲೆಕ್ಕವಾಯಿತು. ಒಂದೇ ಸೋಪಿಗೆ, ಒಂದೇ ಸೈಕಲ್ಲಿಗೆ ಎರಡು ಕಡೆ ಎರಡು ದರ. ರಾಜ್ಯದಿಂದ ರಾಜ್ಯಕ್ಕೆ ಸರಕು ಕಳಿಸುವ ವ್ಯಾಪಾರಿಗಳಿಗೆ 1956ರ ಕೇಂದ್ರ ಮಾರಾಟ ತೆರಿಗೆ ಬೇರೆ. ಹೊಸೂರು ದಾರಿಯ ತಪಾಸಣೆ ಠಾಣೆಯಲ್ಲಿ ಲಾರಿಗಳು ರಾತ್ರಿಯೆಲ್ಲ ಸಾಲುಗಟ್ಟಿ ನಿಲ್ಲುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಆ ದಿನಗಳಲ್ಲಿ ಪೊಟ್ಟಣದ ಮೇಲೆ ಒಂದು ಬೆಲೆ ಅಚ್ಚಾಗಿ, ಅದರ ಪಕ್ಕದಲ್ಲಿ "ಸ್ಥಳೀಯ ತೆರಿಗೆ ಬೇರೆ" ಎಂಬ ಮಾತೂ ಇರುತ್ತಿತ್ತು. ಆ 'ಬೇರೆ' ಎಂಬ ಮಾತಿನ ಮರೆಯಲ್ಲಿ ಅಂಗಡಿಯವನು ಎಷ್ಟು ಸೇರಿಸಿದರೂ ಕೇಳುವವರಿಲ್ಲ. 1990ರಲ್ಲಿ ಪೊಟ್ಟಣ ನಿಯಮಗಳನ್ನು ತಿದ್ದಿ, ಅಚ್ಚಾದ ಗರಿಷ್ಠ ಬೆಲೆಯೊಳಗೇ ಎಲ್ಲ ತೆರಿಗೆಯೂ ಸೇರಿರಬೇಕು ಎಂದು ಮಾಡಿದರು. ಬಡವನ ಪಾಲಿಗೆ ಅದು ದೊಡ್ಡ ಉಪಕಾರ. ಅದನ್ನು ಇಂದಿಗೂ ನಮ್ಮಲ್ಲಿ ಅನೇಕರು ಅರಿತಿಲ್ಲ. ಎಂಆರ್‌ಪಿ ಎಂದು ಅಚ್ಚಾದ ಮೊತ್ತದ ಮೇಲೆ "ಜಿಎಸ್‌ಟಿ ಬೇರೆ" ಎಂದು ಒಂದು ರೂಪಾಯಿ ಕೇಳುವುದಕ್ಕೂ ಅಂಗಡಿಯವನಿಗೆ ಅಧಿಕಾರವಿಲ್ಲ. ಅದು ಗರಿಷ್ಠ ಬೆಲೆ, ಅಷ್ಟೇ ಕೊಡಲೇಬೇಕೆಂಬ ಬೆಲೆಯೂ ಅಲ್ಲ. ಚೌಕಾಸಿ ಮಾಡಬಹುದು.

2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆ ದೇಶಕ್ಕೆಲ್ಲ ಒಂದೇ ಆಯಿತು. ಅದೇ ತಿಂಗಳಲ್ಲಿ ಎರಡೂ ರಾಜ್ಯಗಳು ವಾಣಿಜ್ಯ ತೆರಿಗೆಯ ಠಾಣೆಗಳನ್ನು ತೆಗೆದುಹಾಕಿದವು. ಮಿಕ್ಸಿಗೆ ಮಾರಂಡಹಳ್ಳಿಯಲ್ಲಿ ಶೇಕಡ 18, ಮಡಿಕೇರಿಯಲ್ಲಿಯೂ ಶೇಕಡ 18. ಬಿಲ್ಲಿನಲ್ಲಿ ಅದು ಕೇಂದ್ರಕ್ಕೆ 9, ರಾಜ್ಯಕ್ಕೆ 9 ಎಂದು ಎರಡಾಗಿ ಕಾಣುತ್ತದೆ. ಬೇರೆ ರಾಜ್ಯದ ವಿಳಾಸ ಬರೆದಿದ್ದರೆ ಐಜಿಎಸ್‌ಟಿ 18 ಎಂದು ಒಂದೇ ಸಾಲಿನಲ್ಲಿ ಕಾಣಬಹುದು. ಎರಡು ಸಾಲು ಕಂಡು "ಎರಡು ಸಲ ತೆರಿಗೆ ಹಾಕಿದ್ದಾರೆ" ಎಂದು ಜಗಳಕ್ಕೆ ನಿಲ್ಲುವುದು ಬೇಡ. ಕೊಡುವ ಒಟ್ಟು ಮೊತ್ತ ಒಂದೇ. 2025ರ ಸೆಪ್ಟೆಂಬರ್ 22ರಿಂದ ಸೋಪು, ಹಲ್ಲುಜ್ಜುವ ಪೇಸ್ಟು, ತಲೆಗೆ ಹಚ್ಚುವ ಎಣ್ಣೆ ಇವು 18ರಿಂದ 5ಕ್ಕೂ, ಪಾತ್ರೆ ಮತ್ತು ಸೈಕಲ್ಲು 12ರಿಂದ 5ಕ್ಕೂ, ಸಿಮೆಂಟು 28ರಿಂದ 18ಕ್ಕೂ ಇಳಿದವು. ಅದೂ ಎರಡೂ ಕಡೆ ಒಂದೇ ದಿನ.

ಹಾಗಾದರೆ ಬೆಂಗಳೂರಿನಲ್ಲಿ ಅಗ್ಗವಾಗಿ ಸಿಕ್ಕಿತಲ್ಲ ಎಂದು ಕೇಳಬಹುದು. ದೊಡ್ಡ ಊರು, ದೊಡ್ಡ ಪೇಟೆ, ಪೈಪೋಟಿ ಹೆಚ್ಚು. ಅಗ್ಗವಾಗುವುದು ಅದರಿಂದ. ಇಲ್ಲವಾದರೆ ಬಿಲ್ಲು ಕೊಡದೆ ಮಾರಿರುತ್ತಾರೆ. "ಬಿಲ್ಲು ಬೇಡವೆಂದರೆ ಇಷ್ಟು ಬಿಡುತ್ತೇನೆ" ಎನ್ನುವ ಅಂಗಡಿಯವನು ನಿಮಗಾಗಿ ಏನನ್ನೂ ಬಿಡುತ್ತಿಲ್ಲ. ನಾಳೆ ಆ ಮಿಕ್ಸಿ ಕೆಟ್ಟರೆ ತಾನು ಮಾರಿದ್ದೇ ಇಲ್ಲ ಎನ್ನುವ ಸ್ವಾತಂತ್ರ್ಯವನ್ನು ಕೊಂಡುಕೊಳ್ಳುತ್ತಿದ್ದಾನೆ. ಇನ್ನೂರು ರೂಪಾಯಿಗಿಂತ ಕಡಿಮೆ ವ್ಯಾಪಾರಕ್ಕೆ ಕೇಳದಿದ್ದರೆ ಬಿಲ್ಲು ಕೊಡದೆ ಇರಬಹುದು. ಅದಕ್ಕಿಂತ ಮೇಲಿನದಕ್ಕೆ, ನೋಂದಣಿಯಾದ ಅಂಗಡಿಯಾದರೆ, ಕೊಡಲೇಬೇಕು. ಬಿಲ್ಲಿನ ತಲೆಯಲ್ಲಿ ಹದಿನೈದು ಅಕ್ಷರ ಮತ್ತು ಅಂಕಿಗಳ ಒಂದು ಸಂಖ್ಯೆ ಇರುತ್ತದೆ. ಮೊದಲ ಎರಡು ಅಂಕಿ 29 ಆದರೆ ಕರ್ನಾಟಕ, 33 ಆದರೆ ತಮಿಳುನಾಡು. ಆ ಸಂಖ್ಯೆಯೇ ಇಲ್ಲದ ಕಾಗದದಲ್ಲಿ ತೆರಿಗೆ ಎಂದು ಬರೆದು ಹಣ ಪಡೆದರೆ ಅದು ಸರಕಾರಕ್ಕೆ ಸೇರುವುದಿಲ್ಲ. ಚಿಕ್ಕ ವ್ಯಾಪಾರಿಗಳಲ್ಲಿ ಕೆಲವರು ಕಾಂಪೊಸಿಷನ್ ಎಂಬ ಸುಲಭ ಪದ್ಧತಿಯಲ್ಲಿರುತ್ತಾರೆ. ಅವರು ಗಿರಾಕಿಯಿಂದ ತೆರಿಗೆಯನ್ನು ಬೇರೆಯಾಗಿ ವಸೂಲು ಮಾಡುವಂತೆಯೇ ಇಲ್ಲ.

ಊರಿಗೆ ಮರಳುವಾಗ ಟೆಂಪೋ, ಲಾರಿಗಳಲ್ಲಿ ಸಾಮಾನು ತರುವವರಿಗೆ ಒಂದು ಮಾತು. ಬಳಸಿದ ಮನೆಸಾಮಾನಿಗೆ ಯಾವ ಇ-ವೇ ಬಿಲ್ಲೂ ಬೇಡ. ಐವತ್ತು ಸಾವಿರ ರೂಪಾಯಿ ಮೀರಿದ ಹೊಸ ಸರಕಾದರೆ ಅಂಗಡಿಯವರಿಂದಲೇ ಇ-ವೇ ಬಿಲ್ಲು ಮಾಡಿಸಿಕೊಳ್ಳಿ. ಠಾಣೆ ಇಲ್ಲದಿದ್ದರೂ ದಾರಿಯಲ್ಲಿ ಸಂಚಾರಿ ದಳ ನಿಲ್ಲಿಸಿ ನೋಡುವುದುಂಟು. ತೋಟದವರು ಪ್ರೀತಿಯಿಂದ ಕಾಫಿಯನ್ನೋ ಮೆಣಸನ್ನೋ ಕೊಟ್ಟಿದ್ದರೆ ಅದಕ್ಕೂ ಅವರಿಂದ ಒಂದು ಚೀಟಿ ಬರೆಸಿಕೊಳ್ಳುವುದು ಒಳ್ಳೆಯದು.

ಪೆಟ್ರೋಲು, ಡೀಸೆಲು, ಮದ್ಯ ಇವು ಈ ಒಂದೇ ತೆರಿಗೆಯ ಹೊರಗೆ ಉಳಿದಿವೆ. ಆದಕಾರಣ ಗಡಿಯ ಎರಡು ಬದಿ ಅವುಗಳ ಬೆಲೆ ಬೇರೆ ಬೇರೆ. ಬಂಕಿನಲ್ಲಿ ಬೆಲೆಯನ್ನು ಮಾತ್ರ ನೋಡಿದರೆ ಸಾಲದು. ಪ್ರತಿ ಬಂಕಿನಲ್ಲಿಯೂ ಮುದ್ರೆ ಹಾಕಿದ ಐದು ಲೀಟರಿನ ಅಳತೆ ಪಾತ್ರೆ ಇರಬೇಕು. ಸಂಶಯ ಬಂದರೆ ಅದಕ್ಕೆ ಹಿಡಿದು ತೋರಿಸಿ ಎಂದು ಕೇಳಬಹುದು. ಐದು ಲೀಟರಿಗೆ 25 ಮಿಲಿಲೀಟರಿನಷ್ಟು ಹೆಚ್ಚುಕಡಿಮೆಗೆ ಮಾತ್ರ ಅವಕಾಶ. ಮದ್ಯದ ವಿಷಯ ಹೇಳುವುದಾದರೆ, ಆಚೆಯ ಪೊಟ್ಟಣಗಳನ್ನು ಮಡಿಲಲ್ಲಿ ಕಟ್ಟಿಕೊಂಡು ಬರುವವರು 1937ರ ಕಾಯಿದೆ ಈ ರಾಜ್ಯದಲ್ಲಿ ಇನ್ನೂ ಜೀವಂತವಾಗಿದೆ ಎಂಬುದನ್ನು ಮರೆಯಬಾರದು. ಉಳಿದ ಮಾತನ್ನು ಸ್ವಾಮಿಗಳು ಪ್ರಸಂಗದಲ್ಲಿ ಹೇಳಿದ್ದಾರೆ.

ಈಗ ಅಕ್ಕಿಯ ಮೂಟೆಗೆ ಬರೋಣ. ತೆರಿಗೆಯೂ ತೂಕವೂ ಗಂಟು ಬಿದ್ದಿರುವುದು ಇಲ್ಲಿ. 2022ರ ಜುಲೈ 18ರಂದು, ಪೊಟ್ಟಣ ಕಟ್ಟಿ ಚೀಟಿ ಅಂಟಿಸಿದ ಅಕ್ಕಿ, ಬೇಳೆ, ಹಿಟ್ಟಿಗೆ ಶೇಕಡ 5 ತೆರಿಗೆ ಬಂತು. ಅದಕ್ಕೆ ಮುಂಚೆ ನೋಂದಣಿಯಾದ ಹೆಸರಿನ ಮಾಲಿಗೆ ಮಾತ್ರ ಇತ್ತು. ಬಿಡಿಯಾಗಿ ಅಳೆದುಕೊಡುವ ಅಕ್ಕಿಗೆ ತೆರಿಗೆ ಇಲ್ಲ. ಆದರೆ 'ಪೊಟ್ಟಣ' ಎಂದರೆ ಯಾವುದು? ಅದನ್ನು ತೆರಿಗೆ ಕಾಯಿದೆ ತಾನೇ ಹೇಳದೆ ತೂಕ ಮತ್ತು ಅಳತೆಯ ಕಾಯಿದೆಗೆ ಬಿಟ್ಟುಕೊಟ್ಟಿತು. ಅಲ್ಲಿನ 2011ರ ಪೊಟ್ಟಣ ನಿಯಮಗಳು 25 ಕಿಲೋ ಮೀರಿದ ಮೂಟೆಯನ್ನು ಲೆಕ್ಕದಿಂದ ಹೊರಗಿಟ್ಟಿದ್ದವು. ಗಿರಣಿಯವರು ಬುದ್ಧಿವಂತರು. 25 ಕಿಲೋ ಮೂಟೆಗೆ ಒಂದು ಕಿಲೋ ಸೇರಿಸಿ 26 ಕಿಲೋ ಮೂಟೆ ಕಟ್ಟಿದರು. ತೆರಿಗೆ ಮಾಯವಾಯಿತು! ನಮ್ಮವರು ಅಂಗಡಿಯಲ್ಲಿ 26 ಎಂಬ ಅಂಕಿ ಕಂಡು ಒಂದು ಕಿಲೋ ಬಿಟ್ಟಿ ಬಂತೆಂದು ತಿಳಿದವರೂ ಇದ್ದಾರೆ.

ಕಾನೂನಿನ ದೃಷ್ಟಿಯಿಂದ ಇದು ಮೋಸವಲ್ಲ. ಆದರೆ ಗಿರಾಕಿ ಇಲ್ಲಿ ಎರಡು ವಿಷಯ ನೋಡಬೇಕು. ಮೊದಲನೆಯದು ಕಿಲೋ ಲೆಕ್ಕ. ತೆರಿಗೆ ಸೇರಿ 25 ಕಿಲೋ ಮೂಟೆಗೆ 1,260 ರೂಪಾಯಿ ಎಂದಿಟ್ಟುಕೊಳ್ಳಿ. ಕಿಲೋಗೆ 50 ರೂಪಾಯಿ 40 ಪೈಸೆ ಬಿತ್ತು. "ತೆರಿಗೆ ಇಲ್ಲದ್ದು" ಎಂದು ಹೇಳಿ 26 ಕಿಲೋ ಮೂಟೆಯನ್ನು 1,320ಕ್ಕೆ ಕೊಟ್ಟರೆ ಕಿಲೋಗೆ 50 ರೂಪಾಯಿ 77 ಪೈಸೆ. ತೆರಿಗೆ ಉಳಿದದ್ದು ಯಾರಿಗೆ? ಎರಡನೆಯದು ಇನ್ನೂ ಮುಖ್ಯ. ಚಿಕ್ಕ ಪೊಟ್ಟಣದ ಮೇಲೆ ನಿವ್ವಳ ತೂಕ, ಗರಿಷ್ಠ ಬೆಲೆ, ಕಟ್ಟಿದವರ ವಿಳಾಸ, ದೂರು ಕೊಡಬೇಕಾದ ಜಾಗ ಎಲ್ಲ ಅಚ್ಚಾಗಿರಬೇಕು, ಈಗ ಕಿಲೋ ಅಥವಾ ಗ್ರಾಮಿನ ದರವೂ ಇರಬೇಕು. 25 ಕಿಲೋ ದಾಟಿಸಿ ಕಟ್ಟಿದ ಮೂಟೆ ತೆರಿಗೆಯಿಂದ ತಪ್ಪಿಸಿಕೊಂಡಂತೆಯೇ ಈ ಕಟ್ಟುಪಾಡುಗಳಿಂದಲೂ ಜಾರಿಕೊಂಡಿತು. ಆದುದರಿಂದ ಅಂಥ ಮೂಟೆಯನ್ನು ತೂಗಿಸದೆ ಹೆಗಲಿಗೇರಿಸಬೇಡಿ. ಗೋಣಿಯ ತೂಕ ಕಳೆದು 26 ಇದೆಯೇ ನೋಡಿ. ಕಡಿಮೆ ತೂಗಿ ಕೊಡುವುದು ಯಾವ ಗಾತ್ರದ ಮೂಟೆಯಲ್ಲಿಯೂ ಅಪರಾಧವೇ.

ಪೊಟ್ಟಣದ ಮೇಲಿನ ಬರಹ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಕಾನೂನಿಗೆ ಸಾಕು. ಕನ್ನಡ, ತಮಿಳು ಅವರವರ ಇಷ್ಟ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಅವರ ಕೈಯಲ್ಲಿ ಓದಿಸಿ. ಏಳನೆಯ ತರಗತಿಯ ಹುಡುಗಿಗೆ ಇದು ಲೆಕ್ಕದ ಪಾಠವೂ ಆಗುತ್ತದೆ.

ಇದೇ ಜಾಗದಲ್ಲಿ ಪಡಿತರದ ಮಾತನ್ನೂ ಹೇಳಿಬಿಡುತ್ತೇವೆ. ಆಹಾರ ಭದ್ರತಾ ಕಾಯಿದೆಯ ಕೆಳಗೆ ಬರುವ ಕಾರ್ಡು ಇರುವವರು ಕೊಡಗಿನಲ್ಲಿದ್ದರೂ ಅಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ಕೇಂದ್ರದ ಪಾಲಿನ ಧಾನ್ಯ ಪಡೆಯಬಹುದು. ರಾಜ್ಯ ಸರಕಾರ ಕೊಡುವ ಹೆಚ್ಚಿನ ಪಾಲು ಅಲ್ಲಿ ಸಿಗುವುದಿಲ್ಲ. ಇದನ್ನು ಕೇಳದೆಯೇ ಮೂರು ತಿಂಗಳು ಅಂಗಡಿ ಅಕ್ಕಿ ಉಂಡು ಸಾಲ ಮಾಡಿಕೊಂಡವರು ನಮ್ಮಲ್ಲಿ ಇದ್ದಾರೆ.

ಚಿನ್ನದ ವಿಷಯದಲ್ಲಿ ನಮ್ಮವರ ನಡವಳಿಕೆ ನೋಡಿದರೆ ನಗು ಬರುತ್ತದೆ. ಶೇಕಡ 3 ತೆರಿಗೆಗಾಗಿ ಸೇಲಂ ಅಗ್ಗವೋ ಬೆಂಗಳೂರು ಅಗ್ಗವೋ ಎಂದು ವಾರಗಟ್ಟಲೆ ಚರ್ಚೆ ನಡೆಯುತ್ತದೆ. ಅಂಗಡಿಯವನು 'ವೇಸ್ಟೇಜು' ಎಂದು ಎಷ್ಟು ಹಿಡಿದ, ಕಲ್ಲಿನ ತೂಕವನ್ನು ಚಿನ್ನದ ತೂಕದಲ್ಲಿ ಸೇರಿಸಿದನೇ ಎಂದು ಕೇಳುವವರು ಅಪರೂಪ. ತೆರಿಗೆ ಎಲ್ಲಿಯೂ ಒಂದೇ, ವೇಸ್ಟೇಜು ಅಂಗಡಿಗೊಂದು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಕಡ್ಡಾಯವಾಗಿರುವ ಕಡೆಗಳಲ್ಲಿ ಆರು ಅಕ್ಷರ ಮತ್ತು ಅಂಕಿಯ ಗುರುತು ಇಲ್ಲದ ಒಡವೆ ಮಾರುವಂತಿಲ್ಲ. ಆ ಗುರುತನ್ನು ಬಿಲ್ಲಿನ ಜೊತೆ ಇಟ್ಟುಕೊಳ್ಳಿ.

ಅಳತೆಯ ಗೊಂದಲ ನಮಗೆ ಹೊಸದಲ್ಲ. ಹಿಂದೆ ಮಣ ಎಂದರೆ ಮದರಾಸಿನಲ್ಲಿ ಸುಮಾರು 11 ಕಿಲೋ, ಉತ್ತರದ ರೈಲ್ವೆ ಮಣ ಎಂದರೆ ಸುಮಾರು 37 ಕಿಲೋ. ಸೇರು ಊರಿಗೊಂದು, ಪಡಿ ಸಂತೆಗೊಂದು. 'ಮಣ' ಎಂಬ ಒಂದೇ ಮಾತಿನಲ್ಲಿ ಕೊಳ್ಳುವವನಿಗೆ ಒಂದು, ಮಾರುವವನಿಗೆ ಒಂದು ಅರ್ಥ. 1956ರ ಕಾಯಿದೆಯಿಂದ, 1958ರ ಅಕ್ಟೋಬರ್‌ನಿಂದ ಮೊದಲುಗೊಂಡು, ಕಿಲೋ ಮತ್ತು ಮೀಟರು ಹಂತಹಂತವಾಗಿ ಬಂದವು. 1976ರಲ್ಲಿ ಇನ್ನೊಂದು ಕಾಯಿದೆ, ಈಗ ಇರುವುದು 2009ರ ಕಾನೂನು ಮಾಪನ ಕಾಯಿದೆ. ಇಷ್ಟು ಕಾಯಿದೆಗಳಾದ ಮೇಲೂ ನಮ್ಮ ಸಂತೆಯಲ್ಲಿ ಕಡಲೆಕಾಯಿ ಪಡಿಯಲ್ಲಿಯೇ, ಹೂವು ಮೊಳದಲ್ಲಿಯೇ. ಹೂವಿನವಳ ಮೊಳ ಯಾವಾಗಲೂ ಗಿರಾಕಿಯ ಮೊಳಕ್ಕಿಂತ ಗಿಡ್ಡ! ಅದನ್ನು ಯಾರೂ ದೊಡ್ಡದು ಮಾಡುವುದಿಲ್ಲ, ನಾವೂ ಮಾಡುವುದಿಲ್ಲ. ಬುಟ್ಟಿ ಹೊತ್ತು ಬಿಸಿಲಲ್ಲಿ ನಿಲ್ಲುವ ಅವಳ ಗೇಣು ಹೂವಿನಿಂದ ಯಾರ ಮನೆಯೂ ಹಾಳಾಗಿಲ್ಲ.

ಹಾಳಾಗುವುದು ಬೇರೆ ಕಡೆ. ಬಂಧುಗಳೇ, ನಾವು ಇಷ್ಟೆಲ್ಲ ಬರೆದದ್ದು ಅದಕ್ಕಾಗಿಯೇ.

ನಾವು ಸರಕು ಕೊಳ್ಳುವವರು ಮಾತ್ರವಲ್ಲ. ತೋಟದಲ್ಲಿ ನಾವು ಮಾರುವವರೂ ಹೌದು. ನಾವು ಮಾರುವ ಸರಕು ನಮ್ಮ ಬೆವರು. ಕೊಯ್ಲಿನಲ್ಲಿ ಅದನ್ನು ಕಿಲೋ ಲೆಕ್ಕದಲ್ಲಿ ತೂಗಿ ಕೊಳ್ಳುತ್ತಾರೆ. ಸಂಜೆ ಕಣದ ಹತ್ತಿರ ಚೀಲಗಳನ್ನು ಸಾಲಾಗಿ ಇಡುತ್ತಾರೆ. ಮೇಸ್ತ್ರಿ ಕೊಕ್ಕೆಗೆ ಸಿಕ್ಕಿಸುತ್ತಾನೆ, ರೈಟರು ಮುಳ್ಳು ನೋಡಿ ಕೂಗಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಬೆಳಕು ಮಂದವಾಗಿರುತ್ತದೆ, ಮಗು ಅಳುತ್ತಿರುತ್ತದೆ, ಲೈನಿಗೆ ಹೋಗಿ ನೀರು ಹಿಡಿಯಬೇಕು. ಆ ಹೊತ್ತಿನಲ್ಲಿ ಮುಳ್ಳು ಎಲ್ಲಿ ನಿಂತಿತು ಎಂದು ಯಾರು ನೋಡುತ್ತಾರೆ? ಚೀಲಕ್ಕೆಂದು ಒಂದು ಕಿಲೋ, ಹಣ್ಣು ಒದ್ದೆಯೆಂದು ಒಂದು ಕಿಲೋ, ಎಲೆ ಇದೆಯೆಂದು ಇನ್ನಷ್ಟು ಕಳೆದು ಬರೆಯುವುದು ವಾಡಿಕೆ ಎನ್ನುತ್ತಾರೆ.

ಲೆಕ್ಕ ಹಾಕಿ ನೋಡೋಣ. ಕಿಲೋಗೆ 5 ರೂಪಾಯಿ ಎಂದಿಟ್ಟುಕೊಳ್ಳಿ. ಒಬ್ಬಾಕೆ ದಿನಕ್ಕೆ ಎರಡು ಚೀಲದಲ್ಲಿ 80 ಕಿಲೋ ಕೊಯ್ದಳು. ಚೀಲಕ್ಕೆ 2 ಕಿಲೋ ಅನ್ಯಾಯವಾಗಿ ಹೋದರೆ ದಿನಕ್ಕೆ 20 ರೂಪಾಯಿ. ಅರವತ್ತು ದಿನದ ಕೊಯ್ಲಿಗೆ 1,200. ಗಂಡ ಹೆಂಡತಿ ಇಬ್ಬರಿಗೆ 2,400 ರೂಪಾಯಿ. ಮೇಲೆ ಹೇಳಿದ 25 ಕಿಲೋ ಅಕ್ಕಿ ಮೂಟೆಯಲ್ಲಿದ್ದ ತೆರಿಗೆ 60 ರೂಪಾಯಿ. ಅಂದರೆ ನಲವತ್ತು ಮೂಟೆ ಅಕ್ಕಿಗೆ ಕಟ್ಟುವ ತೆರಿಗೆಯನ್ನು ಒಂದೇ ಕೊಯ್ಲಿನಲ್ಲಿ ಒಂದೇ ಮುಳ್ಳು ನುಂಗಿತು. ಆ ಅರವತ್ತು ರೂಪಾಯಿ ಉಳಿಸುವುದಕ್ಕಾಗಿ ನಾವು ಬಸ್ಸಿನಲ್ಲಿ ಮೂಟೆ ಹೊತ್ತು ಗಡಿ ದಾಟುತ್ತೇವೆ.

ತೋಟದ ತಕ್ಕಡಿ ತೋಟದವರ ಸ್ವಂತ ವಿಷಯ, ಅದನ್ನು ಕೇಳಲು ನಾವಾರು ಎಂಬ ಭಾವನೆ ನಮ್ಮ ಜನರಲ್ಲಿದೆ. ಅದು ತಪ್ಪು. 2009ರ ಕಾಯಿದೆ 'ವ್ಯವಹಾರ' ಎಂಬ ಮಾತಿಗೆ ಅರ್ಥ ಹೇಳುವಾಗ ಕ್ರಯವಿಕ್ರಯವನ್ನು ಮಾತ್ರ ಸೇರಿಸಿಲ್ಲ. ಮಾಡಿದ ಕೆಲಸವನ್ನೂ ಸಲ್ಲಬೇಕಾದ ಕೂಲಿಯನ್ನೂ ಅಳೆಯುವುದು ಕೂಡ ಅದರೊಳಗೆ ಬರುತ್ತದೆ. ಆದಕಾರಣ ಪೇಟೆಯ ಅಂಗಡಿ ತಕ್ಕಡಿಗೆ ಯಾವ ಮುದ್ರೆ ಬೇಕೋ ಕೂಲಿಗಾಗಿ ಹಣ್ಣು ತೂಗುವ ತೋಟದ ತಕ್ಕಡಿಗೂ ಅದೇ ಮುದ್ರೆ ಬೇಕು. ಇದನ್ನು ಪ್ರತಿಯೊಬ್ಬ ಮೇಸ್ತ್ರಿಯೂ ಪ್ರತಿಯೊಬ್ಬ ಕೂಲಿಕಾರನೂ ತಿಳಿದಿರಬೇಕು. ಕಬ್ಬಿಣದ ತೂಕದ ಕಲ್ಲು, ಮೀಟರ್ ಕೋಲು, ತೊಲೆ ತಕ್ಕಡಿ ಇವುಗಳಿಗೆ ಎರಡು ವರ್ಷಕ್ಕೊಮ್ಮೆ ಮುದ್ರೆ. ಸ್ಪ್ರಿಂಗಿನ ಕೊಕ್ಕೆ ತಕ್ಕಡಿಗೂ ಕರೆಂಟಿನ ತಕ್ಕಡಿಗೂ ವರ್ಷಕ್ಕೊಮ್ಮೆ. ಮುದ್ರೆಯಲ್ಲಿ ವರ್ಷದ ಕೊನೆಯ ಎರಡು ಅಂಕಿಯೂ ಎ, ಬಿ, ಸಿ, ಡಿ ಎಂಬ ಒಂದು ಇಂಗ್ಲಿಷ್ ಅಕ್ಷರವೂ ಇರುತ್ತವೆ. ಎ ಎಂದರೆ ಜನವರಿಯಿಂದ ಮಾರ್ಚ್, ಡಿ ಎಂದರೆ ಅಕ್ಟೋಬರಿನಿಂದ ಡಿಸೆಂಬರ್. ಪರಿಶೀಲನೆಯ ಪತ್ರವನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕೆಂದು ನಿಯಮವಿದೆ. ಅದನ್ನು ನೋಡಲು ಯಾರ ಅಪ್ಪಣೆಯೂ ಬೇಡ.

ಕೆಲವು ಕೊಯ್ಲುಗಳ ಹಿಂದೆ ನಡೆದದ್ದನ್ನು ಹೇಳುತ್ತೇವೆ. ತೋಟದ ಹೆಸರು ಬೇಡ. ನಮ್ಮ ಕೂಟದ ಒಂದು ತಂಡಕ್ಕೆ ದಿನವೂ ತೂಕ ಕಡಿಮೆ ಬರುತ್ತಿದೆ ಎಂಬ ಸಂಶಯ ಬಂತು. ತಂಡದಲ್ಲಿದ್ದ ಒಬ್ಬ ಅಕ್ಕ ಯಾರ ಮೇಲೂ ಕೂಗಾಡಲಿಲ್ಲ. ಅಂಗಡಿಯಿಂದ ಸೀಲು ಒಡೆಯದ 5 ಕಿಲೋ ಅಕ್ಕಿಯ ಎರಡು ಪೊಟ್ಟಣ ತಂದು, "ಇದನ್ನೊಂದಿಷ್ಟು ತೂಗಿಕೊಡಿ ರೈಟರಣ್ಣ, ಅಂಗಡಿಯವನು ಮೋಸ ಮಾಡಿದನೋ ಏನೋ" ಎಂದರು. ಮುಳ್ಳು 9 ಕಿಲೋ ದಾಟಲಿಲ್ಲ. ಎಲ್ಲರೂ ನೋಡಿದರು, ರೈಟರೂ ನೋಡಿದರು. ಆತ ಕೆಟ್ಟ ಮನುಷ್ಯನೇನೂ ಅಲ್ಲ. ಮಳೆಯಲ್ಲಿ ನೆನೆದು ಸ್ಪ್ರಿಂಗು ತುಕ್ಕು ಹಿಡಿದಿತ್ತು, ಮುದ್ರೆಯ ಅವಧಿ ಎಂದೋ ಮುಗಿದಿತ್ತು. ಎರಡು ದಿನದಲ್ಲಿ ಬೇರೆ ತಕ್ಕಡಿ ಬಂತು. ಆದರೆ ಹಿಂದಿನ ಮೂರು ವಾರದ ಲೆಕ್ಕ ಕೇಳಿದಾಗ, ಎಷ್ಟು ಕಿಲೋ ಎಂಬುದಕ್ಕೆ ನಮ್ಮವರ ಕೈಯಲ್ಲಿ ಒಂದು ಚೂರು ಕಾಗದವೂ ಇರಲಿಲ್ಲ. ಆ ಹಣ ಸಿಗಲೇ ಇಲ್ಲ.

ಎಲ್ಲ ತೋಟದವರೂ ಮೋಸಗಾರರೆಂದು ನಾವು ಹೇಳುತ್ತಿಲ್ಲ. ಒಂದು ಗ್ರಾಮು ಹೆಚ್ಚುಕಡಿಮೆ ಇಲ್ಲದೆ ತೂಗಿ ಕೂಲಿ ಕೊಡುವ ಮಾಲೀಕರನ್ನು ನಾವು ಬಲ್ಲೆವು. ನಮ್ಮಲ್ಲಿಯೂ ಕೆಲವರು ಚೀಲದ ಅಡಿಗೆ ಹಸಿ ಕಾಯಿ, ಎಲೆ, ಮಣ್ಣಿನ ಹೆಂಟೆ ತುಂಬಿ ಮೇಲೆ ಕೆಂಪು ಹಣ್ಣು ಹರಡುವುದುಂಟು. ಅದು ಕೂಡ ಕಳ್ಳ ತೂಕವೇ. ಒಬ್ಬನು ಮಾಡಿದ ಈ ಕೆಲಸದಿಂದ ಮೂವತ್ತು ಜನರ ಚೀಲಕ್ಕೆ ಕಡಿತ ಬೀಳುತ್ತದೆ. ಧರ್ಮೋಪದೇಶಕಾಂಡದ 25ನೇ ಅಧ್ಯಾಯದಲ್ಲಿ, ಒಂದೇ ಚೀಲದಲ್ಲಿ ದೊಡ್ಡದೊಂದು ಚಿಕ್ಕದೊಂದು ತೂಕದ ಕಲ್ಲು ಇಟ್ಟುಕೊಳ್ಳಬಾರದೆಂಬ ಆಜ್ಞೆ ಇದೆ. ಅದು ಕೊಳ್ಳುವವನಿಗೂ ಮಾರುವವನಿಗೂ ಸೇರಿ ಹೇಳಿದ್ದು. ಅಳತೆಯನ್ನು ಕಿರಿದು ಮಾಡಿ ಬೆಲೆಯನ್ನು ಹಿರಿದು ಮಾಡುವವರನ್ನು ಪ್ರವಾದಿ ಆಮೋಸನು ಗದರಿಸಿದ್ದಾನೆ. ಅವನೂ ನಮ್ಮಂತೆ ಕೂಲಿಯವನು, ಕುರಿ ಕಾಯುತ್ತಿದ್ದವನು, ಅತ್ತಿಹಣ್ಣಿನ ಕೆಲಸ ಮಾಡುತ್ತಿದ್ದವನು. ಹಣ್ಣು ತೂಗುವ ಸಂಜೆ ಹೇಗಿರುತ್ತದೆಂದು ಅವನಿಗೆ ತಿಳಿದಿರಬೇಕು. ಕೊಯ್ದವರ ತಡೆಹಿಡಿದ ಕೂಲಿ ತಾನೇ ಕೂಗಿಕೊಳ್ಳುತ್ತದೆ ಎಂಬ ಅರ್ಥದ ಮಾತು ಯಕೋಬರ ಪತ್ರಿಕೆಯ 5ನೇ ಅಧ್ಯಾಯದಲ್ಲಿದೆ. ಆ ಭಾಗವನ್ನು ಹೊರಡುವ ಮುನ್ನ ಪ್ರತಿ ಮನೆಯಲ್ಲಿಯೂ ಓದಬೇಕೆಂದು ಕೇಳಿಕೊಳ್ಳುತ್ತೇವೆ.

ದೂರು ಎಲ್ಲಿ ಕೊಡಬೇಕು? ತಮಿಳುನಾಡಿನಲ್ಲಿ ತೂಕ ಅಳತೆಯ ಕಾಯಿದೆಯನ್ನು ನಡೆಸುವುದು ಕಾರ್ಮಿಕ ಇಲಾಖೆಯೇ. ಏರ್ಕಾಡಿಗೆ ಹೋಗುವವರು ಕೂಲಿಯ ತಕರಾರಿಗೆ ಯಾವ ಇಲಾಖೆಯ ಬಾಗಿಲು ತಟ್ಟುತ್ತಾರೋ ತಕ್ಕಡಿಯ ತಕರಾರಿಗೂ ಅದನ್ನೇ ತಟ್ಟಬೇಕು. ಕರ್ನಾಟಕದಲ್ಲಿ ಹಾಗಲ್ಲ. ಅಲ್ಲಿ ಕಾನೂನು ಮಾಪನಶಾಸ್ತ್ರ ಇಲಾಖೆ ಎಂದೇ ಬೇರೆ ಇದೆ. ಕಾರ್ಮಿಕ ಕಚೇರಿಗೆ ಹೋದರೆ ಅಲ್ಲಿಗೆ ಹೋಗಿ ಎಂದು ಕಳಿಸುತ್ತಾರೆ, ಆ ದಿನದ ಕೂಲಿಯೂ ಹೋಗುತ್ತದೆ. ಗಡಿ ದಾಟುವವರಿಗೆ ನಿಜವಾಗಿ ತಿಳಿದಿರಬೇಕಾದ ವ್ಯತ್ಯಾಸ ಇದು. ಅಂಗಡಿಯ ಮೋಸಕ್ಕೆ 1915 ಎಂಬ ಸಂಖ್ಯೆಗೆ ಫೋನು ಮಾಡಬಹುದು. ಇನ್ನೊಂದು ಅನುಕೂಲವೂ ಬಂದಿದೆ. ಹಿಂದೆ ಬೆಂಗಳೂರಿನಲ್ಲಿ ಕೊಂಡ ವಸ್ತುವಿಗೆ ಬೆಂಗಳೂರಿಗೇ ಹೋಗಿ ದಾವೆ ಹೂಡಬೇಕಾಗಿತ್ತು. 2019ರ ಗ್ರಾಹಕ ರಕ್ಷಣಾ ಕಾಯಿದೆ 2020ರ ಜುಲೈಯಲ್ಲಿ ಜಾರಿಗೆ ಬಂದ ಮೇಲೆ ಕೊಂಡವರು ವಾಸವಾಗಿರುವ ಜಿಲ್ಲೆಯಲ್ಲಿಯೇ ಹೂಡಬಹುದು. ಕೊಂಡದ್ದು ಮೈಸೂರಿನಲ್ಲಾದರೂ ನಮಗೆ ಧರ್ಮಪುರಿಯ ಗ್ರಾಹಕರ ಆಯೋಗ ಸಾಕು. ಐದು ಲಕ್ಷ ರೂಪಾಯಿಯ ತನಕದ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಬೇಕಾದದ್ದು ಒಂದೇ, ಬಿಲ್ಲು. ಬಿಲ್ಲು ಬೇಡವೆಂದು ನೂರು ರೂಪಾಯಿ ಉಳಿಸಿಕೊಂಡವರಿಗೆ ಈ ಬಾಗಿಲು ತೆರೆಯುವುದಿಲ್ಲ.

ಈ ಸಲ ನಮ್ಮ ಕೂಟದಿಂದ ಹೊರಡುವ ಪ್ರತಿ ತಂಡಕ್ಕೂ ಮುದ್ರೆ ಬಿದ್ದ 5 ಕಿಲೋದ ಒಂದು ಕಬ್ಬಿಣದ ತೂಕದ ಕಲ್ಲನ್ನು ಕೊಟ್ಟು ಕಳಿಸಲು ತೀರ್ಮಾನಿಸಿದ್ದೇವೆ. ಕೊಯ್ಲಿನ ಮೊದಲ ದಿನ ಹಣ್ಣು ತೂಗುವ ಮುಂಚೆ ಮೇಸ್ತ್ರಿ, ರೈಟರ ಎದುರಿನಲ್ಲಿ ಆ ಕಲ್ಲನ್ನು ಕೊಕ್ಕೆಗೆ ಸಿಕ್ಕಿಸಿ ನೋಡಬೇಕು. ವಾರಕ್ಕೊಮ್ಮೆ ಮತ್ತೆ ನೋಡಬೇಕು. ಮರ್ಯಾದೆಯಿಂದ ಕೇಳಿದರೆ ಯೋಗ್ಯರಾದ ಯಾರೂ ಬೇಡವೆನ್ನುವುದಿಲ್ಲ, ಬೇಡವೆಂದರೆ ಅದನ್ನೇ ಬರೆದಿಟ್ಟುಕೊಳ್ಳಿ. ತಂಡಕ್ಕೊಂದು ನೋಟ್ ಪುಸ್ತಕವನ್ನೂ ಕೊಡುತ್ತೇವೆ. ದಿನಾಂಕ, ಹೆಸರು, ಚೀಲ, ಮುಳ್ಳು ತೋರಿಸಿದ ಕಿಲೋ, ಕಳೆದ ಕಿಲೋ ಎಂದು ಐದು ಅಂಕಣ. ಓದು ಬಲ್ಲ ಯಾರಾದರೂ ಒಬ್ಬರು ಅದನ್ನು ಬರೆಯಬೇಕು. ಹೆಂಡತಿ ಕೊಯ್ದದ್ದನ್ನು ಗಂಡನ ಹೆಸರಿಗೆ ಸೇರಿಸಿ ಬರೆಯುವುದು ಬೇಡ, ಅವರವರದು ಅವರವರ ಹೆಸರಿಗೇ ಇರಲಿ.

ತೂಕದ ಕಲ್ಲು ಮತ್ತು ಪುಸ್ತಕ ಬೇಕಾದ ತಂಡದವರು ಭಾನುವಾರ ಪೂಜೆ ಮುಗಿದ ಮೇಲೆ ಗುಡಿಯ ವರಾಂಡದಲ್ಲಿ ಬಂದು ಹೆಸರು ಕೊಡಬೇಕು. ಕಲ್ಲಿಗೆ ಠೇವಣಿ ಇಲ್ಲ, ಹೊತ್ತು ತರುವುದಷ್ಟೇ ಕಷ್ಟ. ಪಾಸ್ಕ ಕಳೆದ ಮೊದಲ ಭಾನುವಾರ ಎರಡನ್ನೂ ಹಿಂದಿರುಗಿಸತಕ್ಕದ್ದು. ಪುಸ್ತಕಗಳನ್ನು ಒಟ್ಟಿಗೆ ಇಟ್ಟು ಯಾವ ತೋಟದಲ್ಲಿ ಎಷ್ಟು ಕಳೆದರು ಎಂಬ ಲೆಕ್ಕವನ್ನು ಅಂದೇ ಎಲ್ಲರ ಮುಂದೆ ಓದಲಾಗುವುದು.